ಓರೆ ಅಕ್ಷರದ ಅವಾಂತರ

ಅಕ್ಷರ ಸ್ವಲ್ಪ ವಾಲಿದರೆ ಎಂತೆಂಥ ಆಘಾತ ಆಗಬಹುದು ಎಂದು ತಿಳಿಯಬೇಕಾದರೆ ಸಾಗರದ ನನ್ನ ಬ್ಯಾನರ್ ಅಂಗಡಿಗೆ ಬನ್ನಿ. ಬಲಕ್ಕೆ ವಾಲಿಕೊಂಡ, ಒಣ ಕುಂಚದಲ್ಲಿ ಗೀಚಿದಂತಿರುವ ಒಂದು ಕೈಬರಹದ ಫಾಂಟಿನ ಮೇಲೆ ನನಗೆ ವಿಪರೀತ ಮೋಹ. ಎಲ್ಲದಕ್ಕೂ ಅದನ್ನೇ ಹಾಕುತ್ತಿದ್ದೆ. ಅದೇ ಹೊತ್ತಿಗೆ ತೀರ್ಥಹಳ್ಳಿಯಿಂದ ಒಂದು ಸಂಬಂಧ ಬಂತು. "ಅಂಗಡಿಗೆ ಒಳ್ಳೆ ಹೆಸರಿದ್ರೆ ಮುಂದಿನ ಮಾತು" ಎಂದರು ಹುಡುಗಿಯ ಅಪ್ಪ. ಅಂಗಡಿಯ ಮಾನ ಹೋದರೆ ಮದುವೆಯೂ ಹೋದ ಹಾಗೆ!

೧. ನೇರ ಮಾಡಿದವರು

ಕಬಡ್ಡಿ ಪಂದ್ಯಕ್ಕೆ ದೊಡ್ಡ ಬ್ಯಾನರ್ ಮಾಡಿಕೊಟ್ಟಿದ್ದೆ. ಮೈದಾನಕ್ಕೆ ಹೋಗಿ ನೋಡಿದರೆ, ಬ್ಯಾನರಿನ ಬಲತುದಿ ಮರದ ಮೇಲೆ, ಎಡತುದಿ ನೆಲದ ಹತ್ತಿರ.

"ಇದೇನ್ರೀ ಹೀಗೆ ಕಟ್ಟಿದೀರಾ?"

"ನೀವು ಸೊಟ್ಟ ಪ್ರಿಂಟ್ ಹೊಡ್ದಿದ್ರಿ. ಪಾಪ, ಬೈಸ್ಕೋತೀರಲ್ಲ ಅಂತ ನಾವೇ ನೇರ ಮಾಡಿದ್ವಿ" ಎಂದ ಕಟ್ಟಿದವನು.

೨. ಕಾಪಿ

ನಿವೃತ್ತ ಹೆಡ್‌ಮಾಸ್ತರೊಬ್ಬರು ಅಂಗಡಿಗೆ ನುಗ್ಗಿದರು. "ಆ ಕಬಡ್ಡಿ ಬ್ಯಾನರ್ ಬರೆದೋನನ್ನ ಕರೀರಿ!"

"ಯಾರೂ ಬರೆದಿಲ್ಲ ಸರ್, ಕಂಪ್ಯೂಟರ್‌ದೇ ಅಕ್ಷರ."

ಮಾಸ್ತರು ಗಾಬರಿಯಾಗಿ ಕಂಪ್ಯೂಟರನ್ನು ಮೇಲೆ ಕೆಳಗೆ ನೋಡಿದರು. "ಹಂಗಾದ್ರೆ ನಾಳೆಯಿಂದ ಇದಕ್ಕೆ ದಿನಾ ಒಂದು ಪುಟ ಕಾಪಿ ಬರ್ಸಿ."

೩. ಬಿಸಿ ಬಿಸಿ

ಹೊಸನಗರದಲ್ಲಿ ಒಬ್ಬರು ಕಷಾಯದ ಅಂಗಡಿ ತೆರೆದರು. ಬೋರ್ಡು ನನ್ನದೇ. ಆ ಫಾಂಟಿನಲ್ಲಿ 'ಯ' ಅಕ್ಷರದ ಬಾಲ ಮೇಲೆದ್ದು 'ಯಿ' ಆಗಿ ಕಾಣುತ್ತಿತ್ತು. ಮೊದಲ ದಿನವೇ ಫೋನು ಬಂತು.

"ನಾನು ಮೊಟ್ಟೇನೂ ಮುಟ್ಟೋನಲ್ಲ ಮಾರಾಯ್ರೇ! ಬೆಳಗ್ಗಿಂದ ಒಬ್ರೂ ಲೋಟ ಹಿಡೀಲಿಲ್ಲ. 'ಕಷಾಯಿ' ಅಂತ ಓದಿ, ಕಸಾಯಿ ಅಂಗಡಿ ಅನ್ಕೊಂಡು ಎಲ್ರೂ ಚೀಲ ಹಿಡ್ಕೊಂಡು ಬಂದು, 'ಇವತ್ತು ಕುರೀನೋ ಆಡೋ' ಅಂತ ಕೇಳ್ತಾರೆ!"

ಈ ಸುದ್ದಿ ತೀರ್ಥಹಳ್ಳಿ ಮುಟ್ಟಿದರೆ ನನ್ನ ಗತಿ ಏನು ಎಂದು ನಾನು ಬೆವರಿದೆ.

೪. ಮಂಗಳ ಕಾರ್ಯ

ಪುಣ್ಯಕ್ಕೆ ಮುಟ್ಟಲಿಲ್ಲ. ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ಎಂದಾಯಿತು. ನಾನು ಗೇಟಿಗೆ 'ಮಂಗಳ ಕಾರ್ಯಕ್ಕೆ ಸ್ವಾಗತ' ಎಂಬ ಬ್ಯಾನರ್ ಕಟ್ಟಿದೆ. ಅದೇ ಫಾಂಟು, ನನ್ನ ಹೆಮ್ಮೆಯ ಫಾಂಟು.

ಹುಡುಗಿ ಕಡೆಯವರ ವ್ಯಾನು ಬಂತು. ಗೇಟಿನ ಮುಂದೆ ನಿಂತಿತು. ರಿವರ್ಸ್ ತೆಗೆದುಕೊಂಡು ಬಂದ ದಾರಿಯಲ್ಲೇ ಹೊರಟುಹೋಯಿತು! ಅಮ್ಮ ಆರತಿ ತಟ್ಟೆ ಹಿಡಿದು ಹಾಗೇ ನಿಂತುಬಿಟ್ಟರು. ನಾನು ಹುಡುಗಿಯ ಅಪ್ಪನಿಗೆ ಫೋನ್ ಮಾಡಿದೆ.

"ನಿಮ್ಮನೇಲಿ ಯಾರಿಗೆ ಬಂದಿದ್ದು? ಮೊದ್ಲೇ ಹೇಳ್ಬಾರ್ದಾ?" ಎಂದು ಅವರೇ ಕೂಗಿದರು.

"ಏನು ಬಂದಿದ್ದು?"

"ಗೇಟಿಗೇ ಬರ್ದು ಹಾಕಿದೀರಲ್ಲ, ಮಂಗನ ಕಾಯಿಲೆ ಅಂತ!"

ಓಡಿಹೋಗಿ ನೋಡಿದೆ. 'ಳ' ಮಗುಚಿಕೊಂಡು 'ನ' ಆಗಿತ್ತು. 'ಮಂಗನ' ಎಂದು ಓದಿದ ಮೇಲೆ ನಮ್ಮ ಮೂರು ತಾಲ್ಲೂಕಿನವರ ಕಣ್ಣಿಗೆ ಮುಂದಿನದು 'ಕಾಯಿಲೆ' ಎಂದೇ ಕಾಣುತ್ತದೆ. ಆ ಜ್ವರಕ್ಕೆ ನಾವು ಅಷ್ಟು ಹೆದರಿದ್ದೇವೆ.

"ಕಾಯಿಲೆ ಅಲ್ಲ ಮಾವ, ಅದು ಫಾಂಟು!"

"ಫಾಂಟಾ? ಅದೂ ಮಂಗನಿಂದಲೇ ಬರೋದಾ?"

ಅಷ್ಟರಲ್ಲಿ ಫೋನಿನ ಆ ಕಡೆ ಹುಡುಗಿಯ ನಗು ಕೇಳಿಸಿತು.

"ಹೌದು ಅಪ್ಪಯ್ಯ, ಈ ಮಂಗನಿಂದಲೇ ಬಂದಿದ್ದು. ವ್ಯಾನ್ ತಿರುಗ್ಸೋಕೆ ಹೇಳಿ."