ಮಾವನ ರ‍್ಯಾಮು, ಅತ್ತೆಯ ಬೈಗುಳ

ನಮ್ಮ ಮಾವನಿಗೆ ತಲೆ ಕೆಟ್ಟಿದೆ ಅಂತ ಅವರೂರು ಸಾದಲಿಯಲ್ಲಿ ಯಾರೂ ಹೇಳಲ್ಲ. ರೇಷ್ಮೆಹುಳ ಸಾಕುತ್ತಲೇ ಊರವರ ಮೊಬೈಲನ್ನೆಲ್ಲ ರಿಪೇರಿ ಮಾಡಿಕೊಡುವವರು ಅವರೇ ತಾನೆ! ನಾನು ಶಿಡ್ಲಘಟ್ಟದಲ್ಲಿರುವವನು, ಧೈರ್ಯವಾಗಿ ಹೇಳುತ್ತೇನೆ: ಕೆಟ್ಟಿದೆ. ಕಂಪ್ಯೂಟರಿನೊಳಗೆ ರ‍್ಯಾಮ್ ಅಂತ ಬೆರಳಗಲದ ಪಟ್ಟಿ ಇರುತ್ತಲ್ಲ, ಅದನ್ನು ಕಂಪನಿಯವರು ಹೇಳಿದ್ದಕ್ಕಿಂತ ಜೋರಾಗಿ ಓಡಿಸುವುದೇ ಈ ಮನುಷ್ಯನ ಹುಚ್ಚು. ಸ್ಪೀಡ್ ಏರಿಸುವುದು, ಹ್ಯಾಂಗ್ ಆದರೆ ಪಟ್ಟಿ ಕಿತ್ತು ರಬ್ಬರಿನಲ್ಲಿ ಉಜ್ಜಿ ಮತ್ತೆ ಸಿಕ್ಕಿಸುವುದು. ಇಷ್ಟೆಲ್ಲ ಒದ್ದಾಡಿ ಗಿಟ್ಟುವುದೇನು? ಕಣ್ಣು ಮಿಟುಕಿಸುವಷ್ಟು ಹೊತ್ತು! ಹೊಸದು ತಗೊಳ್ಳಿ ಮಾವ ಅಂದರೆ, ಈಗ ರ‍್ಯಾಮಿನ ರೇಟು ಚಿನ್ನದಂಗೆ ಏರಿದೆ, ಇರೋದನ್ನೇ ಓಡಿಸಣ ಬಿಡು ಅನ್ನುತ್ತಾರೆ.

ಆ ಮಿಟುಕಿಗೆ ಕಾರಣ ನಮ್ಮತ್ತೆ. ಗಂಟಲಿನ ಕ್ಯಾನ್ಸರ್ ಬಂದು, ಆಪರೇಷನ್ನಿನಲ್ಲಿ ದನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಮಾವ ಎಲ್ಲಿಂದಲೋ ಒಂದು ಎಐ ಇಳಿಸಿಕೊಂಡು, ಅತ್ತೆ ಹಿಂದೆ ಚಿಂತಾಮಣಿಯಲ್ಲಿರುವ ತಂಗಿಗೆ ಕಳಿಸಿದ್ದ ವಾಯ್ಸ್ ಮೆಸೇಜುಗಳನ್ನೆಲ್ಲ ಅದಕ್ಕೆ ಕೇಳಿಸಿದರು. ಅತ್ತೆ ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಅವರದೇ ದನಿಯಲ್ಲಿ ಹೇಳತೊಡಗಿತು. ಆದರೆ ತಂಗಿಗೆ ಕಳಿಸಿದ್ದೆಲ್ಲ ಜಗಳವೇ! ಅತ್ತೆ ಕಾಫಿ ಬೇಕು ಅಂತ ಒತ್ತಿದರೂ ಕೋರ್ಟಿಗೆ ಎಳೆಯುವ ದನಿ ಬರುತ್ತಿತ್ತು.

ಬರುವುದೂ ತಡ. ಮೊದಲೆಲ್ಲ ಮಾವ ಬಾಯಿ ತೆರೆಯುವ ಮುಂಚೆಯೇ 'ಊರ್ಕೋವಯ್ಯಾ' ಅಂತ ತೆಲುಗಿನಲ್ಲಿ ಸುಮ್ಮನಾಗಿಸುತ್ತಿದ್ದ ಹೆಂಗಸು ಅವರು. ಈಗ ಉತ್ತರ ಬರುವಷ್ಟರಲ್ಲಿ ನಾವು ಬೇರೆ ಮಾತಿಗೆ ಹೋಗಿರುತ್ತಿದ್ದೆವು. ಅತ್ತೆ ಮುಖ ತಿರುಗಿಸಿ ಕೂತರು, ಆಮೇಲೆ ಒತ್ತುವುದನ್ನೇ ಬಿಟ್ಟರು. ಅದನ್ನು ನೋಡಲಾರದೆ, ರ‍್ಯಾಮ್ ಜೋರಾಗಿ ಓಡಿದರೆ ದನಿಯೂ ಬೇಗ ಬರುತ್ತೆ ಅಂತ ಮಾವ ಸ್ಪೀಡಿನ ಹಿಂದೆ ಬಿದ್ದರು. ದನಿ ಸ್ವಲ್ಪ ಬೇಗ ಬಂದಿದ್ದೇ ತಡ, ಅತ್ತೆ ಮತ್ತೆ ಬೈಯತೊಡಗಿದರು.

ಸ್ಪೀಡ್ ಏರಿದರೆ ಕಾವೂ ಏರುತ್ತದೆ. ಮಾವನಿಗೆ ಹೊಳೆದದ್ದು ಹುಳದ ಮನೆ! ಹುಳಕ್ಕೆ ಸೆಕೆಯಾಗದಿರಲಿ ಅಂತ ಅಲ್ಲಿ ಒದ್ದೆ ಗೋಣಿಚೀಲ ಕಟ್ಟಿರುತ್ತಾರಲ್ಲ, ಅತ್ತೆಯನ್ನೂ ಕಂಪ್ಯೂಟರನ್ನೂ ಅಲ್ಲಿಗೇ ಸಾಗಿಸಿದರು. ತಂಪಾಯಿತು, ನಿಜ. ತೇವಕ್ಕೆ ಪಟ್ಟಿಯೂ ಕಿಲುಬು ಹಿಡಿಯಿತು. 'ನಿನ್ ಬುದ್ಧಿಗಿಷ್ಟು' ಅಂತ ಅತ್ತೆ ಒತ್ತಿದ್ದು 'ನಿನ್ ಬು' ಅಂತ ನಿಂತೇಹೋಯಿತು. ಹೆಂಡತಿಯ ಬೈಗುಳ ಅರ್ಧಕ್ಕೆ ನಿಂತಿತಲ್ಲ ಅಂತ ಊಟ ಬಿಟ್ಟ ಗಂಡಸು ಇಡೀ ತಾಲ್ಲೂಕಿನಲ್ಲಿ ಇವರೊಬ್ಬರೇ ಇರಬೇಕು!

ಈಚೆಗೆ ಕಾಯಿಲೆ ಮರಳಿತು. ಇನ್ನು ಮನೆಗೆ ಕರ್ಕೊಂಡು ಹೋಗಿ ಅಂದುಬಿಟ್ಟರು ಡಾಕ್ಟರು. ನೋಡಲು ಹೋದೆ. ಮಂಚದ ಪಕ್ಕದಲ್ಲೇ ಕಂಪ್ಯೂಟರ್ ಇತ್ತು. ಮಾವ ಸ್ಪೀಡನ್ನು ಕಂಪನಿಯವರು ಹೇಳಿದಷ್ಟಕ್ಕೇ ಇಳಿಸಿದ್ದರು. ಯಾಕೆ ಮಾವ ಅಂದೆ.

"ಬೇಡಪ್ಪ. ನಡುವೆ ಹ್ಯಾಂಗ್ ಆದ್ರೆ ಇನ್ನೊಂದ್ಸಲ ಒತ್ತೋಕೆ ಅವಳ ಕೈಲಾಗಲ್ಲ."

ಅತ್ತೆ ನನ್ನನ್ನು ನೋಡಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಕಾದೆವು. ಕೊನೆಗೆ ಅದೇ ಜಗಳದ ದನಿ ಬಂತು: "ನಿಮ್ಮಾವ ಉಂಡಿಲ್ಲ ಕಣಪ್ಪ. ಕರ್ಕೊಂಡೋಗಿ ಒಂದು ಮುದ್ದೆ ತಿನ್ಸು."

"ಪೂರ್ತಿ ಬಂತು" ಅಂದರು ಮಾವ, ಅಳುತ್ತಾ.