ಅಡುಗೆಮನೆಯಲ್ಲಿ ಕೊಟ್ಟ ತೀರ್ಪು

ನಮ್ಮ ಮನೆಯಲ್ಲಿ ಒಂದೇ ಮೊಕದ್ದಮೆಗೆ ಎರಡು ತೀರ್ಪುಗಳಿವೆ. ಫುಟ್ಬಾಲ್ ವೀರ ಡೆಸ್ಮಂಡ್ ರಿಡ್ಲಿ ತನ್ನ ಹೆಂಡತಿಯನ್ನು ಕೊಂದನೇ ಎಂದು ಯಾರಾದರೂ ನಮ್ಮ ಹಜಾರದಲ್ಲಿ ಕೇಳಿದರೆ, 'ಛೆ ಛೆ, ಎಲ್ಲ ಪೊಲೀಸರು ಕಟ್ಟಿದ ಕಥೆ' ಎಂಬುದು ಉತ್ತರ. ಅದೇ ಪ್ರಶ್ನೆಯನ್ನು ಅಡುಗೆಮನೆಯಲ್ಲಿ ಕೇಳಿದರೆ, 'ಅವನಲ್ಲದೆ ಇನ್ಯಾರು?' ಎಂಬುದು ಉತ್ತರ. ಇದು ನಮ್ಮೊಂದು ಮನೆಯ ಶಾಸನವಲ್ಲ. ಲಾಸ್ ಏಂಜಲೀಸಿನ ದಕ್ಷಿಣಕ್ಕಿರುವ ನಮ್ಮ ಕಪ್ಪು ಜನರ ಬೀದಿಗಳಲ್ಲಿ ಮೂವತ್ತು ವರ್ಷಗಳಿಂದ ಮನೆಮನೆಯಲ್ಲೂ ಹೀಗೇ ನಡೆದುಬಂದಿದೆ. (ರಿಡ್ಲಿ ದುಡ್ಡು ಬಂದ ಕೂಡಲೇ ಬಿಳಿಯರ ಗುಡ್ಡ ಹತ್ತಿದವನು. ನಮ್ಮ ಬೀದಿಗೆ ಕ್ಷೌರಕ್ಕೂ ಇಳಿದು ಬಂದವನಲ್ಲ. ಕೈಗೆ ಬೇಡಿ ಬಿದ್ದ ದಿನ ನಮ್ಮವನಾದ.)

ಆ ವಿಚಾರಣೆಯ ಮೇಲೆ ಆರು ಕಂತಿನ ಸಾಕ್ಷ್ಯಚಿತ್ರ ಮಾಡುವವರು ಥರ್ಮನ್ನನ ಕ್ಷೌರದಂಗಡಿಗೆ ಬಂದು 'ಯಾರು ಮಾತಾಡುತ್ತೀರಿ?' ಎಂದಾಗ, ಅಲ್ಲಿದ್ದ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ ಮನೆಗೆಲಸ ನೆನಪಾಯಿತು. ನಿವೃತ್ತ ಬಸ್ ಚಾಲಕನೂ ಆ ಅಂಗಡಿಯ ಆಸ್ಥಾನ ವಾಗ್ಮಿಯೂ ಆದ ನಾನು, ಆಲ್ವೆಸ್ಟರ್ ಪ್ರೂಯಿಟ್, ಎದೆ ಸೆಟೆಸಿ ಎದ್ದು ನಿಂತೆ.

"ನೋಡು ಪ್ರೂಯಿಟ್," ಎಂದ ಥರ್ಮನ್, ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿ. "ಕ್ಯಾಮೆರಾ ಮುಂದೆ ಹಜಾರದ ಮಾತೇ ಬರ್ಬೇಕು. ಬಿಳಿಯರೆದುರು ಬೇರೇನಾದ್ರೂ ಬಾಯ್ಬಿಟ್ಯೋ, ಇನ್ಮೇಲೆ ಈ ಅಂಗಡೀಲಿ ನಿಂಗೆ ಮಾತಿಲ್ಲ. ಬರೀ ಕಟಿಂಗು."

ನನ್ನ ತಲೆಯಲ್ಲಿರುವುದು ಹನ್ನೊಂದು ಕೂದಲು. ಮಾತೂ ಇಲ್ಲವೆಂದರೆ ನಾನು ಅಲ್ಲಿಗೆ ಹೋಗುವುದಾದರೂ ಯಾಕೆ?

ಹೇಳಿದ ದಿನ ನಿರ್ದೇಶಕಿ ಕರ್ಸ್ಟನ್ ಎಂಬ ಬಿಳಿ ಹುಡುಗಿ ತಂಡದೊಂದಿಗೆ ಬಂದಳು. ನಾನು ಈಸ್ಟರ್ ಹಬ್ಬದ ಸಾಸಿವೆ ಬಣ್ಣದ ಸೂಟು ತೊಟ್ಟು ಹಜಾರದ ಸೋಫಾದಲ್ಲಿ ವಿರಾಜಮಾನನಾದೆ. ನಾನು ಉಸಿರಾಡಿದಾಗಲೆಲ್ಲ ಸೋಫಾ ಚರಚರ ಎಂದಿತು. ಅದಕ್ಕೆ ಮೂವತ್ತೊಂದು ವರ್ಷಗಳಿಂದ ಪ್ಲಾಸ್ಟಿಕ್ ಹೊದಿಕೆಯಿದೆ. ಧ್ವನಿ ಹಿಡಿಯುವವನು ಮುಖ ಹಿಂಡಿ, ಅದನ್ನು ತೆಗೆಯಬೇಕೆಂದ.

ನನ್ನ ಹೆಂಡತಿ ವರ್ಲೀನ್ ಸೌಟು ಹಿಡಿದೇ ಒಳಗಿನಿಂದ ಬಂದಳು. "ನಮ್ಮ ಪಾದ್ರಿಗಳೇ ಬೇಸಿಗೇಲಿ ಇದಕ್ಕೆ ಅಂಟ್ಕೊಂಡು ಕೂತಿದ್ದು ಎದ್ದು ಹೋಗಿದಾರೆ. ಅವರಿಗೇ ತೆಗೀದಿರೋದನ್ನ ನಿಮ್ಮ ಯಂತ್ರಕ್ಕೆ ತೆಗೀತೀನಾ? ಅಡುಗೆಮನೆಗೆ ಬನ್ನಿ, ಅಲ್ಲಿ ಮರದ ಕುರ್ಚಿ ಇದೆ."

ಆಗಲೇ ನಾನು ಬೇಡವೆನ್ನಬೇಕಿತ್ತು. ನಲವತ್ತು ವರ್ಷ ಮೊಣಕೈ ಊರಿದ ಮೇಜು, ಕೈಗೆ ನನ್ನದೇ ಕಾಫಿ ಲೋಟ, ಪಕ್ಕದಲ್ಲಿ ಹುರಿದ ಮೀನಿನ ಘಮ. ಕರ್ಸ್ಟನ್ ಮೆಲ್ಲಗೆ ಕೇಳಿದಳು: "ಅವರೇ ಕೊಂದ್ರು ಅನ್ಸತ್ತಾ?"

"ಅವನಲ್ದೆ ಇನ್ಯಾರು?" ಎಂದಿತು ನನ್ನ ಬಾಯಿ. ನನ್ನನ್ನೊಂದು ಮಾತು ಕೇಳಲಿಲ್ಲ.

ವರ್ಲೀನ್ ಗರ್ರನೆ ತಿರುಗಿದಳು. "ಹಂಗಿದ್ಮೇಲೆ ಅವನು ನಿರಪರಾಧಿ ಅಂತ ತೀರ್ಪು ಬಂದ ದಿನ ನಡುರಸ್ತೇಲಿ ಬಸ್ ನಿಲ್ಸಿ ಯಾಕೆ ಕುಣಿದೆ ಪ್ರೂಯಿಟ್? ಒಬ್ಬ ಹೆಣ್ಮಗಳು ಸತ್ತಿದ್ಲು. ನಾನು ಅವಳ ತಾಯೀನ ನೆನ್ಸ್ಕೊಂಡು ಅತ್ತೆ. ನೀನು ಕುಣಿದೆ!"

"ಅವನಿಗೋಸ್ಕರ ಕುಣೀಲಿಲ್ಲ ಕಣೇ! ಅದಕ್ಕೂ ಮುಂಚೆ ಒಂದ್ಸಲ, ಸಮವಸ್ತ್ರದಲ್ಲಿದ್ದೆ, ನನ್ನ ಬಸ್ಸಿನ ಪಕ್ಕದಲ್ಲೇ ಒಬ್ಬ ಪೊಲೀಸಿನವನು ನನ್ನನ್ನ ಕಾದ ಡಾಂಬರಿನ ಮೇಲೆ ಬೋರಲು ಮಲಗಿಸ್ದ. ಪ್ರಯಾಣಿಕರೆಲ್ಲ ಕಿಟಕೀಲಿ ನೋಡ್ತಿದ್ರು. ಬಸ್ ಕದ್ದಿದೀನಿ ಅಂತ! ಆಮೇಲೆ ಅವನಿಗೆ ಒಂದು ಬೈಗುಳಾನೂ ಬೀಳ್ಲಿಲ್ಲ. ತೀರ್ಪಿನ ದಿನ ರಸ್ತೆ ಪಕ್ಕದ ಅಂಗಡಿ ಟೀವೀಲಿ, ಆ ಕೋರ್ಟಿನಲ್ಲಿ ಪೊಲೀಸರ ಮುಖ ಬಿಳುಚಿಕೊಂಡಿದ್ದನ್ನ ನೋಡಿ ಕುಣಿದೆ. ತಪ್ಪೇ ಇರ್ಬಹುದು. ಕುಣಿದೆ."

ಇಷ್ಟು ವರ್ಷಗಳಲ್ಲಿ ಅವಳಿಗೂ ಇದನ್ನು ನಾನು ಪೂರ್ತಿ ಹೇಳಿರಲಿಲ್ಲ. ವರ್ಲೀನ್ ಸೌಟು ಕೆಳಗಿಟ್ಟು ನನ್ನ ಹೆಗಲ ಮೇಲೆ ಕೈಯಿಟ್ಟಳು. ಆಗ ಕ್ಯಾಮೆರಾದ ಕೆಂಪು ದೀಪ ಕಣ್ಣಿಗೆ ಬಿತ್ತು.

ಅಳಿಸಿಬಿಡಮ್ಮ ಎಂದು ಅಂಗಲಾಚಿದೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದೀರಲ್ಲ ಎಂದು ಕರ್ಸ್ಟನ್ ನಕ್ಕಳು. ವರ್ಲೀನ್ ಒಂದು ತಟ್ಟೆ ಮೀನು ಕಟ್ಟಿಕೊಟ್ಟು ಅವಳನ್ನು ಕಾರಿನವರೆಗೆ ಬಿಟ್ಟು ಬಂದಳು.

"ನೀನು ಹೇಳಿದ್ರೆ ಆ ಹುಡುಗಿ ಕೇಳ್ತಾಳೆ. ಒಂದು ಫೋನ್ ಮಾಡೇ," ಎಂದೆ.

"ನೋಡೋಣ," ಎಂದಳು ವರ್ಲೀನ್.

ಆ ಒಂದು 'ನೋಡೋಣ'ದ ಆಸೆಗೆ ನಾಲ್ಕು ತಿಂಗಳು ಮೂರು ಹೊತ್ತೂ ಪಾತ್ರೆ ತೊಳೆದೆ, ಕಿಟಕಿ ಒರೆಸಿದೆ, ಅವಳ ತಂಗಿಯ ಜೊತೆ ನಗುನಗುತ್ತಾ ಮಾತಾಡಿದೆ. ಕೇಳಿದಾಗಲೆಲ್ಲ 'ನೋಡೋಣ'.

ಪ್ರಸಾರದ ಸಂಜೆ ಥರ್ಮನ್ನನ ಅಂಗಡಿ ಕಿಕ್ಕಿರಿದಿತ್ತು. ಪರದೆಯೇ ನನ್ನನ್ನು ಹರಾಜು ಹಾಕುವ ಮೊದಲು ಗಂಡಸಿನಂತೆ ನಾನೇ ಒಪ್ಪಿಕೊಳ್ಳುವುದು ಮೇಲೆಂದು ಎದ್ದು ನಿಂತೆ. "ಅಣ್ಣತಮ್ಮಂದಿರೇ, ಅವನೇ ಕೊಂದಿದ್ದು ಅಂತ ನಾನು ಬಿಳಿಯರ ಕ್ಯಾಮೆರಾ ಮುಂದೆ ಹೇಳ್ಬಿಟ್ಟೆ."

ಹಾಲು ಒಡೆದಂತಾಯಿತು. "ಹೇಳ್ಬಿಟ್ಯಾ!" ಎಂದ ಒಬ್ಬ. "ಇವನ ಬಾಯಿಗೆ ಬ್ರೇಕೇ ಇಲ್ಲ," ಎಂದ ಇನ್ನೊಬ್ಬ. "ಇನ್ಮೇಲೆ ಬರೀ ಕಟಿಂಗು," ಎಂದ ಥರ್ಮನ್.

ಅಷ್ಟರಲ್ಲಿ ಪರದೆಯ ಮೇಲೆ ನಾನೇ ಬಂದೆ. ಡಾಂಬರು, ಬಸ್ಸು, ಕಿಟಕಿಯ ಕಣ್ಣುಗಳು, ನನ್ನ ಹೆಗಲ ಮೇಲೆ ವರ್ಲೀನಳ ಕೈ, ಎಲ್ಲ ಇತ್ತು. 'ಅವನಲ್ದೆ ಇನ್ಯಾರು' ಮಾತ್ರ ಎಲ್ಲೂ ಇರಲಿಲ್ಲ. ಥರ್ಮನ್ ಕಣ್ಣೊರೆಸಿಕೊಂಡ. ಆಮೇಲೆ ಮೂಗು ಸೀಟುತ್ತ ನನ್ನತ್ತ ತಿರುಗಿದ: "ಅಯ್ಯೋ ಪೆದ್ದೇ, ಐದು ನಿಮಿಷ ಬಾಯಿ ಮುಚ್ಚಿದ್ರೆ ನಿನ್ನ ಹೊತ್ಕೊಂಡು ಮೆರವಣಿಗೆ ಮಾಡ್ತಿದ್ವಿ. ಈಗ ಹೇಳಿಬಿಟ್ಯಲ್ಲ! ನಿಯಮ ನಿಯಮಾನೇ."

ಮನೆಗೆ ಓಡಿದೆ. "ಆ ಮಾತನ್ನ ಆ ಹುಡುಗಿ ತೆಗೆದ್ಹಾಕಿದಾಳೆ ವರ್ಲೀನ್! ಯಾಕೆ?"

"ಅವತ್ತೇ ಕಾರಿನ ಹತ್ರ ಹೇಳಿದ್ದೆ. ನನ್ನ ಗಂಡ ಇದೇ ಬೀದೀಲಿ ಬಾಳ್ಬೇಕು, ಅದೊಂದು ತೆಗೀಮ್ಮ ಅಂತ. ಒಳ್ಳೇ ಹುಡುಗಿ, ಅಲ್ಲೇ ಒಪ್ಕೊಂಡ್ಲು."

"ಅವತ್ತೇನಾ? ನಾಲ್ಕು ತಿಂಗಳು ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಪಾತ್ರೆ ಯಾರು ತೊಳೀತಿದ್ರು?" ಎಂದು ಅವಳು ನನ್ನ ಕೈಗೆ ಒದ್ದೆ ಬಟ್ಟೆ ಕೊಟ್ಟಳು. "ಹೆಂಗೂ ಇನ್ನು ಅಂಗಡೀಲಿ ನಿಂಗೆ ಮಾತಿಲ್ವಲ್ಲ. ಒಲೆ ಹಿಂದ್ಗಡೇನೂ ಒರ್ಸ್ಬಿಡು."