ಸಂದರ್ಶನಕ್ಕೆ ಹೋಗಿ ಡ್ಯೂಟಿ ಮಾಡಿ ಬಂದದ್ದು

ಸುಸ್ತಾಗುವ ಹಕ್ಕು ಎಲ್ಲರಿಗೂ ಇದೆ, ನರ್ಸುಗಳಿಗೆ ಮಾತ್ರ ಇಲ್ಲ ಎಂದು ನನಗೆ ಬಹಳ ದಿನಗಳಿಂದ ಅನುಮಾನ. ಗದ್ದೆಯಿಂದ ಬಂದವರು ಜಗಲಿಯ ಮೇಲೆ ಕುಸಿದು ಕೂತು ‘ಸಾಕಪ್ಪ’ ಅಂದರೆ ಮನೆಯವರು ನೀರು ಕೊಡುತ್ತಾರೆ. ಮೇಷ್ಟ್ರು ಅಂದರೆ ಕಾಫಿ ಕೊಡುತ್ತಾರೆ. ನರ್ಸು ಅಂದರೆ ಸಲಹೆ ಕೊಡುತ್ತಾರೆ. ನಾನು ನೈಟ್ ಡ್ಯೂಟಿ ಮುಗಿಸಿ ಬಂದು, ಚಪ್ಪಲಿ ಬಿಡುತ್ತಾ ‘ಅಯ್ಯಪ್ಪ, ಸುಸ್ತು’ ಅಂದ ದಿನವೆಲ್ಲ ನಮ್ಮತ್ತೆಯವರದು ಒಂದೇ ಮಾತು: “ಇಡೀ ರಾತ್ರಿ ಆಸ್ಪತ್ರೇಲೇ ಇದ್ದೆ. ಅಲ್ಲೇ ಒಂದು ಬಾಟ್ಲು ಏರುಸ್ಕಂಡು ಬರಕ್ಕೇನಾಗಿತ್ತವ್ವ ನಿಂಗೆ?” ಅವರ ಪ್ರಕಾರ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ಸುಸ್ತಾಗುವುದೆಂದರೆ ಹೋಟೆಲಿನವನು ಹಸಿದು ಮನೆಗೆ ಬಂದ ಹಾಗೆ, ತಪ್ಪೆಲ್ಲ ಅವನದೇ.

ನನ್ನ ಹೆಸರು ನಾಗರತ್ನ. ಮದ್ದೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸು. ಅಲ್ಲಿ ನನ್ನನ್ನು ರತ್ನ ಸಿಸ್ಟರ್ ಅನ್ನುತ್ತಾರೆ, ಹೆಚ್ಚಿನ ಹೊತ್ತು ಬರೀ ‘ಸಿಸ್ಟರೇ’ ಅನ್ನುತ್ತಾರೆ, ಅದೂ ಎರಡು ಕಡೆಯಿಂದ ಒಟ್ಟಿಗೆ. ಸುಸ್ತು ನನಗೆ ಒಂದೇ ಸಲ ಬಂದದ್ದಲ್ಲ, ಮೆಲ್ಲಮೆಲ್ಲಗೆ ಸೇರಿಕೊಂಡಿತು. ಮೊದಲು ಮನೆಯಲ್ಲಿ ಮಿಕ್ಸಿ ನಿಂತರೂ ‘ಏನಾಯ್ತು’ ಅಂತ ಎದ್ದು ಓಡತೊಡಗಿದೆ. ಆಮೇಲೆ ಬಸ್ಸಿನಲ್ಲಿ ಕಂಡಕ್ಟರು ಟಿಕೇಟು ಕೊಡಲು ಕೈ ಚಾಚಿದಾಗ ಅವನ ಮುಂಗೈ ನರ ನೋಡಿ, ಎಷ್ಟು ಸಲೀಸಾಗಿ ಸೂಜಿ ಹಾಕಬಹುದಲ್ಲ ಎಂದು ಆಸೆಯಾಗತೊಡಗಿತು. ಕೊನೆಗೆ ಒಂದು ಮದುವೆ ಮನೆಯಲ್ಲಿ ಪಂಕ್ತಿಗೆ ಕೂತ ಹೆಂಗಸೊಬ್ಬರಿಗೆ ‘ಮೋಷನ್ ಆಯ್ತಾ?’ ಅಂತ ಕೇಳಿದೆ. ಊಟ ಆಯ್ತಾ ಎಂದು ಕೇಳಬೇಕಿತ್ತು. ಅವರು ಪಾಯಸದ ಲೋಟವನ್ನು ಮೆಲ್ಲಗೆ ದೂರ ಸರಿಸಿದರು.

ಮನೆ ಇರುವುದು ಮಳವಳ್ಳಿಯಲ್ಲಿ. ನಮ್ಮೆಜಮಾನರದು ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಕೆಲಸ. ಅವರು ಬೆಳಿಗ್ಗೆ ಬೈಕಿನಲ್ಲಿ ಹೊರಡುವ ಹೊತ್ತಿಗೆ ನಾನು ನೈಟ್ ಮುಗಿಸಿ ಬಸ್ಸಿನಲ್ಲಿ ವಾಪಸು ಬರುತ್ತಿರುತ್ತೇನೆ. ದಾರಿಯಲ್ಲಿ ದೊಡ್ಡಿ ಎಂಬ ಊರಿನ ಹತ್ತಿರ ಕಬ್ಬಿನ ಲಾರಿಗಳು ರಸ್ತೆ ಕಟ್ಟಿಕೊಂಡು ನಿಂತಿದ್ದರೆ ನಮಗೆ ಅದೃಷ್ಟ. ಅವರ ಬೈಕು, ನನ್ನ ಬಸ್ಸು ಎರಡೂ ನಿಲ್ಲುತ್ತವೆ, ಕಿಟಕಿಯಲ್ಲೇ ಗ್ಯಾಸು, ಮಗಳ ಸ್ಕೂಲು, ಅತ್ತೆಯ ಮಂಡಿನೋವು ಎಲ್ಲ ಮಾತಾಡಿಕೊಳ್ಳುತ್ತೇವೆ. ರಸ್ತೆ ಖಾಲಿ ಇದ್ದರೆ ಕೈ ಬೀಸುವುದಷ್ಟೇ. ಒಂದು ದಿನ ಮಳವಳ್ಳಿ ದಾಟಿ, ಜಲಪಾತ ಇರುವ ಬ್ಲಫ್‌ಗೆ ಹೋಗುವ ಬಸ್ಸು ಹತ್ತಿ, ಕಿಟಕಿಗೆ ತಲೆ ಕೊಟ್ಟು ಎಂಥ ನಿದ್ದೆ ಮಾಡಿದೆನೆಂದರೆ ಮಳವಳ್ಳಿ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಎಚ್ಚರವಾದಾಗ ಬಸ್ಸು ಕರೆಂಟು ತಯಾರಿಸುವ ಊರಿನಲ್ಲಿ ನಿಂತಿತ್ತು. “ಜಲಪಾತ ನೋಡಕ್ ಬಂದ್ರಾ ಸಿಸ್ಟರ್? ಈಗ ನೀರಿಲ್ಲ ಕಣಿ” ಅಂದ ಡ್ರೈವರು. ಮನೆಗೆ ಬಂದು ಇದನ್ನು ಹೇಳಿದರೆ ಅತ್ತೆ, ‘ಒಬ್ಬಳೇ ಊರು ನೋಡಿಕೊಂಡು ಬಂದೆಯಲ್ಲ’ ಎಂದು ಮುಖ ಊದಿಸಿಕೊಂಡರು.

ಅವತ್ತೇ ನಿಶ್ಚಯ ಮಾಡಿದೆ. ನರ್ಸಿಂಗ್ ಬಿಡುವುದಿಲ್ಲ, ಅದು ನನ್ನ ಕೆಲಸ, ಚೆನ್ನಾಗಿ ಬರುತ್ತದೆ. ಆದರೆ ಹಗಲು ಪಾಳಿ ಮಾತ್ರ ಇರುವ ಕೆಲಸ ಹುಡುಕಬೇಕು, ಮಗಳು ಸ್ಕೂಲಿನಿಂದ ಬಂದಾಗ ನಾನು ಎಚ್ಚರವಾಗಿರಬೇಕು. ಹುಡುಕುವುದಕ್ಕೆ ಇಳಿದ ಮೇಲೆ ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಸಂಗತಿಗಳು ಗೊತ್ತಾದವು. ಒಂದು ಕಡೆ ನನ್ನ ಅನುಭವ ಸಾಲದು ಅಂದರು. ಅದೇ ವಾರ ಇನ್ನೊಂದು ಕಡೆ ನನ್ನ ವಯಸ್ಸು ಜಾಸ್ತಿ ಅಂದರು. ಮತ್ತೊಂದು ಕಡೆ ಎಲ್ಲ ಸರಿಯಿದೆ, ಸ್ವಲ್ಪ ನಗುಮುಖ ಇರಬೇಕಿತ್ತು ಅಂದರು. ನಾನು ಆ ದಿನ ನೈಟ್ ಮುಗಿಸಿ ನೇರ ಅಲ್ಲಿಗೆ ಹೋಗಿದ್ದೆ. ನಕ್ಕರೆ ಹಾಗೇ ಅತ್ತುಬಿಡುತ್ತೇನೇನೋ ಎಂಬ ಭಯವಿತ್ತು.

ಹೀಗಿರುವಾಗ ನನ್ನ ಜೊತೆ ಕೆಲಸ ಮಾಡುವ ಹೊಳಲಿನ ಪುಷ್ಪ ಒಂದು ಸುದ್ದಿ ತಂದಳು. ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಓಪಿಡಿಗೆ ಸಿಸ್ಟರ್ ಬೇಕಂತೆ. ಓಪಿಡಿ ಎಂದರೆ ಬಂದು ತೋರಿಸಿಕೊಂಡು ಹೋಗುವ ರೋಗಿಗಳ ವಿಭಾಗ. ಅಲ್ಲಿ ಯಾರೂ ಮಲಗುವುದಿಲ್ಲ. ರಾತ್ರಿ ಇಲ್ಲ, ಭಾನುವಾರ ಇಲ್ಲ, ಸಂಜೆ ಬಾಗಿಲು ಹಾಕುತ್ತಾರೆ. ನರ್ಸುಗಳು ಓಪಿಡಿ ಅನ್ನುವಾಗ ದನಿ ತಾನಾಗಿ ತಗ್ಗುತ್ತದೆ. ಒಂದೇ ಪೋಸ್ಟು. “ನೀನ್ಯಾಕೆ ಹೋಗಲ್ಲ?” ಅಂದೆ. “ನಂಗೆ ಓದ್ ತಿಂಗ್ಳೇ ಬ್ಯಾಡ ಅಂದವ್ರೆ ಕಣಕ್ಕ ಅಲ್ಲಿ” ಅಂದಳು. ಮನೆಯಲ್ಲಿ ಹೇಳಿದಾಗ ಅತ್ತೆ ಬೀರುವಿನಿಂದ ತಮ್ಮ ಒಳ್ಳೆಯ ಸೀರೆ ತೆಗೆದುಕೊಟ್ಟರು. “ಬರೀ ಬಿಳೀದೇ ಉಟ್ಕಂಡು ಓದ್ರೆ ಕೆಲ್ಸ ಕೇಳಕ್ ಬಂದವ್ಳೆ ಅಂತ ಯಾರ್ಗ್ ತಿಳೀತದೆ?” ಅದು ಎಷ್ಟು ಸರಿಯಾದ ಮಾತೆಂದು ಆಗ ನನಗೆ ತಿಳಿಯಲಿಲ್ಲ. ಸೀರೆ ಉಟ್ಟುಕೊಂಡೂ ಅದು ಯಾರಿಗೂ ತಿಳಿಯದ ಹಾಗೆ ಮಾಡಿಕೊಂಡವಳು ನಾನು.

ಸಂದರ್ಶನ ಮೊದಲ ಮಹಡಿಯಲ್ಲಿ. ಆಫೀಸಿನ ಮುಂದೆ ಬೆಂಚು. ನನ್ನ ಜೊತೆ ಇಬ್ಬರು ಹುಡುಗಿಯರು ಕೂತು ಮೊಬೈಲು ನೋಡುತ್ತಿದ್ದರು. ಎದುರಿಗೇ ವಾರ್ಡಿನ ಬಾಗಿಲು, ಬಾಗಿಲ ಪಕ್ಕದಲ್ಲೇ ಒಬ್ಬ ತಾತನ ಮಂಚ. ತಾತನಿಗೆ ಏರಿಸಿದ್ದ ಗ್ಲೂಕೋಸ್ ಬಾಟಲಿ ಖಾಲಿಯಾಗುತ್ತಾ ಬಂದಿತ್ತು. ನಾನು ನೋಡಬಾರದೆಂದು ಗೋಡೆಯ ಕಡೆ ತಿರುಗಿದೆ. ಗೋಡೆಯ ಮೇಲೆ ಕೈ ತೊಳೆಯುವ ವಿಧಾನದ ಚಿತ್ರ ಅಂಟಿಸಿದ್ದರು, ಅದನ್ನು ಓದಿದೆ. ಮತ್ತೆ ಬಾಟಲಿ ನೋಡಿದೆ. ತಾತನ ಹೆಂಡತಿ ಬಾಗಿಲಿಗೆ ಬಂದು, ಯಾರಿಗೂ ಅಲ್ಲದ ಹಾಗೆ, “ಬಾಟ್ಲು ಆಗೋಯ್ತದೆ, ಯಾರಾರಾ ಬನ್ರವ್ವ” ಅಂದರು. ಆಮೇಲೆ ನಾನು ಎದ್ದದ್ದು ನನಗೆ ನೆನಪಿಲ್ಲ. ನೆನಪು ಬರುವ ಹೊತ್ತಿಗೆ ನನ್ನ ಹೆಬ್ಬೆರಳು ಗ್ಲೂಕೋಸ್ ನಳಿಗೆಯ ಗಾಲಿಯನ್ನು ತಿರುಗಿಸಿ ಹನಿ ನಿಲ್ಲಿಸಿಯಾಗಿತ್ತು.

ಅಷ್ಟಕ್ಕೇ ವಾಪಸು ಬರಬಹುದಿತ್ತು. ಆದರೆ ಇಡೀ ವಾರ್ಡಿಗೆ ಇದ್ದವಳು ಶೋಭಾ ಅನ್ನುವ ಒಬ್ಬಳೇ ಸಿಸ್ಟರು. ಅವಳು ಓಡುತ್ತಾ ಬಂದು, ನನ್ನನ್ನು ನೋಡಿ, ಯಾರೋ ಹೊಸದಾಗಿ ಸೇರಿದವರೆಂದುಕೊಂಡು, “ಅಬ್ಬ, ಬಂದ್ರಲ್ಲ ಅಕ್ಕ. ಅಂಗೇ ಆ ಕಡೆ ಸಾಲಿಂದು ಬಿಪಿ ನೋಡ್ಬುಡಿ” ಅಂದಳು. ನೋಡಿದೆ. ಬಿಪಿ ನೋಡಿದ ಮೇಲೆ ಜ್ವರ ನೋಡದೆ ಬಿಡುವುದು ಹೇಗೆ? ಔಷಧಿಗೆ ಮಾತ್ರ ಕೈ ಹಾಕಲಿಲ್ಲ, ಅಷ್ಟು ಬುದ್ಧಿ ಉಳಿದಿತ್ತು. ಮಧ್ಯಾಹ್ನ ಆಪರೇಷನ್ ಇದ್ದ ಒಬ್ಬ ಯುವಕನಿಗೆ ಅವನ ಮಾವ ಪೇಪರಿನಲ್ಲಿ ಸುತ್ತಿದ ವಡೆ ತಂದುಕೊಡುತ್ತಿದ್ದರು. ಕಿತ್ತುಕೊಂಡೆ. “ಒಂದ್ ವಡೆ ಕಣಮ್ಮ, ಮದ್ದೂರಿಂದ ಅವನ್ಗೇ ಅಂತ ತಂದಿವ್ನಿ” ಅಂದರು ಮಾವ. “ಹೊಟ್ಟೆ ಖಾಲಿ ಇರಬೇಕು ಅಂತ ಹೇಳಿಲ್ವಾ?” “ಏಳವ್ರೆ. ವಡೆ ತಿನ್ಬಾರ್ದು ಅಂತ ಏಳಿಲ್ಲ.” ವಡೆಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಮುಂದಿನ ಮಂಚಕ್ಕೆ ಹೋದೆ.

ಆಗ ಮೇಟ್ರನ್ ಬಂದರು. ನರ್ಸುಗಳಿಗೆಲ್ಲ ಮೇಲಿನವರು, ಕೂದಲು ಬಿಗಿದು ಕಟ್ಟಿದ ಎತ್ತರದ ಹೆಂಗಸು. ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಡ್ಯೂಟಿಯಲ್ಲಿ ಕಲರ್ ಸೀರೆಯಾ? ಯಾರ ಮದುವೆ?” ಅಂದರು. ಇಲ್ಲಿ ನಾನು ಹೇಳಬೇಕಾಗಿದ್ದ ಮಾತು ಬಹಳ ಸುಲಭದ್ದು: ನಾನು ನಿಮ್ಮವಳಲ್ಲ. ಆದರೆ ಬೈಸಿಕೊಳ್ಳುವುದು ಅಭ್ಯಾಸವಾದವರಿಗೆ ಯಾರು ಬೈದರೂ ನಡೆಯುತ್ತದೆ. “ಸಾರಿ ಮೇಡಂ” ಅಂದೆ. ಹಾಸಿಗೆಯ ಚಾದರದ ಮೂಲೆ ಸರಿಯಾಗಿ ಮಡಚಿಲ್ಲ ಅಂದರು. ಅದು ನಾನು ಹಾಸಿದ್ದಲ್ಲ, ಆದರೂ ಸಾರಿ ಅಂದೆ. ತಿಂಡಿಯ ವಾಸನೆ ಎಲ್ಲಿಂದ ಬರುತ್ತಿದೆ ಅಂದರು. ಅದಕ್ಕೆ ಮಾತ್ರ ಸಾರಿ ಹೇಳಬೇಕಾದದ್ದೇ. ನಾಳೆಯಿಂದ ಹೀಗಾಗುವುದಿಲ್ಲ ಎಂದೂ ಮಾತು ಕೊಟ್ಟೆ.

ಅಷ್ಟರಲ್ಲಿ ಆಫೀಸಿನ ಅಟೆಂಡರು ಇಣುಕಿ, “ಮಳವಳ್ಳಿ ನಾಗರತ್ನ ಯಾರ್ರೀ? ಅವಾಗಿಂದ ಕೂಗ್ತಾವ್ನಿ, ಇಂಟರ್‌ವ್ಯೂ ಮುಗ್ದೋಯ್ತು” ಅಂದ. “ನಾನೇ” ಅಂದೆ. ಶೋಭಾ ನನ್ನ ಮುಖ ನೋಡಿದಳು, ಮೇಟ್ರನ್ ನನ್ನ ಸೀರೆ ನೋಡಿದರು. ವಡೆ ತಂದಿದ್ದ ಮಾವ “ಅಂಗಾರೆ ನೀವು ಇಲ್ಲಿಯೋರೇ ಅಲ್ವಾ? ವಡೆ ಕೊಡಿ ಇತ್ಲಾಗೆ” ಅಂದರು. ಕೊಡಲಿಲ್ಲ.

ಮೇಟ್ರನ್ ನಗಲಿಲ್ಲ, ಬೈಯಲೂ ಇಲ್ಲ. ನನ್ನನ್ನು ಕರೆದುಕೊಂಡು ಹೋಗಿ ಸಂದರ್ಶನ ಮಾಡಿದ್ದ ಮ್ಯಾನೇಜರ ಮುಂದೆ ನಿಲ್ಲಿಸಿ ನಡೆದದ್ದನ್ನು ಹೇಳಿದರು. ಮ್ಯಾನೇಜರು ಬಹಳ ಖುಷಿಯಾದರು. “ಓಪಿಡಿಗೆ ಯಾರಾದರೂ ಆಗುತ್ತಾರೆ ಸಿಸ್ಟರ್. ನಿಮ್ಮಂಥವರು ವಾರ್ಡಿಗೆ ಬೇಕು. ನೈಟಿಗೇ ಬಂದುಬಿಡಿ, ನಾಳೆಯಿಂದಲೇ” ಅಂದರು. ನನಗೆ ಸಿಟ್ಟು ಬಂತು. ಕೆಲಸ ಬಾರದವಳು ಬೆಂಚಿನ ಮೇಲೆ ಕೂತು ಮೊಬೈಲು ನೋಡಿದರೆ ಅವಳಿಗೆ ಹಗಲು, ಕೆಲಸ ಬರುತ್ತದೆ ಎಂದು ತೋರಿಸಿಕೊಟ್ಟವಳಿಗೆ ರಾತ್ರಿ. ಹೇಳಿಯೇಬಿಟ್ಟೆ: “ಓಪಿಡಿ ಆದರೆ ಬರ್ತೀನಿ ಸಾರ್. ನೈಟಿಗೆ ಬರಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂತಲೂ ಇಲ್ಲ, ಬರಲ್ಲ.” ನಮಸ್ಕಾರ ಮಾಡಿ ಹೊರಟೆ.

ತಲೆಯೆತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದೆ. ಹಿಂದಿನಿಂದ ಶೋಭಾ ಕೂಗಿದಳು. “ಅಕ್ಕ, ಹ್ಯಾಂಡೋವರ್ ಕೊಡ್ದೆ ಒಂಟೋದ್ರಾ?” ನಮ್ಮ ಕೆಲಸದಲ್ಲಿ ಮುಂದಿನವಳು ಬಂದು ನಿಂತು, ಪ್ರತಿ ಮಂಚದ ವಿಷಯವನ್ನೂ ಅವಳಿಗೆ ಒಪ್ಪಿಸದೆ ಯಾರೂ ಜಾಗ ಬಿಡುವಂತಿಲ್ಲ. ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಹ್ಯಾಂಡೋವರ್. ಹತ್ತಿ ವಾಪಸು ಹೋದೆ. ತಾತನ ಬಾಟಲಿ, ಎರಡನೇ ಸಾಲಿನ ಅಜ್ಜಿಯ ಬಿಪಿ, ಆಪರೇಷನ್ ಹುಡುಗನ ಖಾಲಿ ಹೊಟ್ಟೆ, ಅವನ ಮಾವನ ಮೇಲೆ ಒಂದು ಕಣ್ಣು, ಎಲ್ಲ ಒಪ್ಪಿಸಿದೆ. ಸಾಕ್ಷಿಗೆ ವಡೆಯನ್ನೂ ಅವಳ ಕೈಗಿಟ್ಟೆ.

ತಿರುಗಿದರೆ ಮೇಟ್ರನ್ ನಿಂತಿದ್ದರು. “ಓಪಿಡಿನೇ ಯಾಕಮ್ಮ ಬೇಕು ನಿನಗೆ?” ಅಂದರು. ಇಷ್ಟು ಹೊತ್ತು ಯಾರೂ ಇದನ್ನು ಕೇಳಿರಲಿಲ್ಲ. “ಸುಸ್ತಾಗಿದೆ ಮೇಡಂ” ಅಂದೆ. ಅವರು ಬಾಟಲಿ ಏರಿಸಿಕೋ ಅನ್ನಲಿಲ್ಲ. ಬೆಂಚಿನ ಮೇಲೆ ಕೂತು, ಪಕ್ಕದಲ್ಲಿ ನನ್ನನ್ನೂ ಕೂರಿಸಿಕೊಂಡು, ದನಿ ತಗ್ಗಿಸಿ ಹೇಳಿದರು: “ಆ ಓಪಿಡಿ ನಾನು ನನಗೇ ಕೇಳಿದ್ದೆ ಕಣಮ್ಮ. ನೀವಿಲ್ಲದಿದ್ರೆ ವಾರ್ಡು ನಡೆಯಲ್ಲ ಅಂದುಬಿಟ್ರು. ನಾನಂತೂ ಸಿಕ್ಕಿಹಾಕ್ಕೊಂಡೆ. ನಿನಗಾದ್ರೂ ಕೊಡಿಸ್ತೀನಿ, ನೀನು ಮಾತ್ರ ಬರಲ್ಲ ಅಂದದ್ದನ್ನ ಬದಲಾಯಿಸಬೇಡ.” ಬದಲಾಯಿಸಲಿಲ್ಲ. ಮ್ಯಾನೇಜರು ಫೋನು ಮಾಡಿ ನೈಟಿನ ಗುಣಗಾನ ಮಾಡಿದರು, ಮದ್ದೂರಿನ ನರ್ಸಿಂಗ್ ಹೋಮಿನವರು ಬಿಟ್ಟು ಹೋಗಬೇಡ ಎಂದು ನನ್ನನ್ನು ಮನೆಮಗಳು ಎಂದು ಕರೆದರು. ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ. ಕೊನೆಗೆ ಓಪಿಡಿ ನನ್ನದಾಯಿತು.

ಮೊದಲ ದಿನ ಸಂಜೆ ಕೊನೆಯ ರೋಗಿ ಹೋದರು, ಡಾಕ್ಟರು ಹೋದರು. ಮೇಜು ಒರೆಸಿ, ಬಿಪಿ ಮೆಷಿನ್ನು ಮಡಚಿಟ್ಟು ನಿಂತುಕೊಂಡೆ. ಯಾರೂ ಬರಲಿಲ್ಲ. ಮುಂದಿನವಳು ಬರದಿದ್ದರೆ ಡಬ್ಬಲ್ ಡ್ಯೂಟಿ ಎಂಬ ಹಳೆಯ ದಿಗಿಲಿನಲ್ಲಿ ಬಾಗಿಲನ್ನೇ ನೋಡತೊಡಗಿದೆ. ಬೀಗ ಹಿಡಿದುಕೊಂಡು ಬಂದ ವಾಚ್‌ಮನ್ನು ನನ್ನನ್ನು ನೋಡಿ ನಿಂತ. “ಯಾಕ್ ಸಿಸ್ಟರ್, ಇನ್ನೂ ಒಂಟಿಲ್ವಾ?”

“ಮುಂದಿನವರು ಬರಬೇಕಲ್ಲ.”

“ಓಪಿಡಿಗೆ ಯಾವ ಮುಂದ್ನೋರು? ಬಾಗ್ಲಾಕದು, ಓಗದು. ಅಷ್ಟೇಯ.”

ಅಷ್ಟೇಯ ಎಂದು ಅವನು ಹೇಳಿದರೂ ನನ್ನ ಕಾಲು ಏಳಲಿಲ್ಲ. ಅವನನ್ನೇ ನಿಲ್ಲಿಸಿಕೊಂಡು ಒಪ್ಪಿಸಿದೆ. ಫ್ಯಾನು ಆರಿಸಿದ್ದೇನೆ, ನಲ್ಲಿ ಬಿಗಿ ಮಾಡಿದ್ದೇನೆ, ಡಾಕ್ಟರ ಕುರ್ಚಿಯ ಒಂದು ಕಾಲು ಅಲ್ಲಾಡುತ್ತದೆ, ಹಿಂದಿನ ಕಿಟಕಿಯಲ್ಲಿ ಒಂದು ಬೆಕ್ಕು ಬಂದು ಮಲಗುತ್ತದೆ, ದಿನ ತುಂಬಿದ ಹಾಗಿದೆ, ಸ್ವಲ್ಪ ನಿಗಾ ಇರಲಿ. ವಾಚ್‌ಮನ್ನು ನಗದೆ ಎಲ್ಲವನ್ನೂ ಕೇಳಿಸಿಕೊಂಡ. “ಆಯ್ತು ಬುಡಿ, ನಾ ನೋಡ್ಕತೀನಿ. ನೀವು ಮನೆಗೋಗಿ” ಅಂದ. ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂದುಬಿಟ್ಟಿತು. ಹೊರಗೆ ಇನ್ನೂ ಬಿಸಿಲಿತ್ತು. ಗೇಟಿನ ತನಕ ಬಂದ ಮೇಲೆ, ಬೆಕ್ಕಿನ ವಿಷಯ ಇನ್ನೊಂದು ಸಲ ಹೇಳಿಬರಬೇಕಿತ್ತೇನೋ ಎನಿಸಿ ನಿಂತೆ. ಬಹಳ ಕಷ್ಟವಾಯಿತು, ಆದರೂ ತಿರುಗಿ ಹೋಗಲಿಲ್ಲ.